ಜಿಮ್ ಥೋರ್ಪನ ಚರಿತ್ರೆ

ಸಂತೆಯಲ್ಲಿ ಧಾನ್ಯವನ್ನು ಕೊಳ್ಳುವಾಗ ಒಂದು ಬಳ್ಳವನ್ನೂ ಮಾರುವಾಗ ಮತ್ತೊಂದು ಬಳ್ಳವನ್ನೂ ಇಟ್ಟುಕೊಳ್ಳುವ ವ್ಯಾಪಾರಿಯನ್ನು ನಾವೆಲ್ಲರೂ ಕಂಡವರೇ. ಧಾನ್ಯದಲ್ಲಿ ಈ ಮೋಸವು ನಡೆದರೆ ನಷ್ಟವು ಒಂದೆರಡು ಸೇರು ಮಾತ್ರ. ಮನುಷ್ಯನ ಮಾನವನ್ನು ಎರಡು ಬಳ್ಳಗಳಿಂದ ಅಳೆದರೆ ಆ ನಷ್ಟವನ್ನು ಯಾರು ತುಂಬಿಕೊಡುವರು? ಅಮೇರಿಕ ದೇಶದಲ್ಲಿ ಚೆಂಡಾಟವನ್ನೇ ಕಸಬನ್ನಾಗಿ ಮಾಡಿಕೊಂಡ ಮೊದಲಿನವರಲ್ಲಿ ಬಹು ಹೆಸರುಗೊಂಡು, ೧೯೫೩ರಲ್ಲಿ ತೀರಿಹೋದ ಜಿಮ್ ಥೋರ್ಪನೆಂಬವನ ಚರಿತ್ರೆಯಲ್ಲಿ ಈ ಪ್ರಶ್ನೆಯು ನಮ್ಮ ಮುಂದೆ ನಿಲ್ಲುತ್ತದೆ. ಆದಕಾರಣ ಅದನ್ನು ಈ ಸಾರಿ ಸಂಕ್ಷೇಪವಾಗಿ ಬರೆಯುತ್ತೇವೆ.

ಥೋರ್ಪನು ೧೮೮೭ನೇ ಇಸವಿಯಲ್ಲಿ, ಈಗ ಒಕ್ಲಹೋಮ ಎನಿಸಿಕೊಳ್ಳುವ ಸೀಮೆಯಲ್ಲಿ ಹುಟ್ಟಿದನು. ಆ ಕಾಲದಲ್ಲಿ ಅದಕ್ಕೆ ಇಂಡಿಯನ್ನರ ಸೀಮೆ ಎಂಬ ಹೆಸರಿತ್ತು. ಈ ಇಂಡಿಯನ್ನರು ನಮ್ಮ ದೇಶದವರಲ್ಲ. ೧೪೯೨ರಲ್ಲಿ ಕೊಲಂಬಸನು ಪಡುವಣ ಸಮುದ್ರವನ್ನು ದಾಟಿ ಅಮೇರಿಕದ ದ್ವೀಪಗಳನ್ನು ಮುಟ್ಟಿದಾಗ ತಾನು ಹಿಂದೂದೇಶದ ಕಡೆಗೆ ಬಂದೆನೆಂದು ತಪ್ಪಾಗಿ ಎಣಿಸಿದ್ದರಿಂದ ಆ ಖಂಡದ ಮೂಲನಿವಾಸಿಗಳಿಗೆ ಈ ಹೆಸರು ಅಂಟಿಕೊಂಡಿತು. ಬಿಳಿಯರು ಬಂದು ಹೆಚ್ಚಿದ ಹಾಗೆಲ್ಲಾ ಈ ಜನರು ತಮ್ಮ ಬೇಟೆಯ ಕಾಡುಗಳನ್ನೂ ಬೇಸಾಯದ ಭೂಮಿಯನ್ನೂ ಕಳಕೊಂಡು, ಸರಕಾರದವರು ಗೊತ್ತುಮಾಡಿದ ಮೇರೆಗಳೊಳಗೆ ವಾಸಿಸಬೇಕಾಯಿತು. ತಾವು ಹುಟ್ಟಿದ ದೇಶದಲ್ಲಿಯೇ ಅವರೆಲ್ಲರಿಗೂ ಪ್ರಜೆಗಳ ಹಕ್ಕು ದೊರೆತದ್ದು ೧೯೨೪ನೇ ಇಸವಿಯ ಕಾಯಿದೆಯಿಂದಲೇ.

ಜಿಮ್ಮನ ತಂದೆಯಾದ ಹೈರಮನು ಸಾಕ್ ಮತ್ತು ಫಾಕ್ಸ್ ಎಂಬ ಕುಲದವನು. ಅವನಲ್ಲಿ ಐರಿಷ್ ರಕ್ತವೂ ಕೂಡಿತ್ತು. ತಾಯಿಯಾದ ಶಾರ್ಲೊಟ್ಟಳು ಪೊಟವಾಟೊಮಿ ಕುಲದವಳು. ಫ್ರೆಂಚರ ಸಂಬಂಧವೂ ಆಕೆಗಿತ್ತು. ಮಗುವಿಗೆ ಕಥೋಲಿಕ ಸಭೆಯಲ್ಲಿ ದೀಕ್ಷಾಸ್ನಾನವಾಯಿತು. ಅದರ ಹೊರತು ಕುಲದ ಭಾಷೆಯಲ್ಲಿ ವಾ-ಥೋ-ಹುಕ್ ಎಂಬ ಹೆಸರನ್ನೂ ಇಟ್ಟರು. ಬೆಳಕು ಬಿದ್ದ ದಾರಿ ಎಂದು ಅದರ ಅರ್ಥ. ಆದರೆ ಅವನ ಬಾಲ್ಯದ ದಾರಿಯಲ್ಲಿ ಬೆಳಕಿಗಿಂತ ಕತ್ತಲೆಯೇ ಹೆಚ್ಚಾಗಿತ್ತು. ಅವನ ಜೊತೆಯಲ್ಲಿ ಹುಟ್ಟಿದ ಅವಳಿ ತಮ್ಮನಾದ ಚಾರ್ಲಿಯು ಎಳೆಯ ಪ್ರಾಯದಲ್ಲಿಯೇ ರೋಗದಿಂದ ಸತ್ತನು. ಅಂದಿನಿಂದ ಜಿಮ್ಮನಿಗೆ ಶಾಲೆಯು ಬೇಸರವಾಗಿ, ಅವನು ಹಲವು ಸಾರಿ ಅಲ್ಲಿಂದ ಓಡಿಹೋದನು. ಕೆಲವು ವರುಷಗಳಲ್ಲಿ ತಾಯಿಯೂ ತೀರಿಹೋದಳು. ೧೯೦೪ರಲ್ಲಿ ಅವನನ್ನು ಬಹು ದೂರದ ಪೆನ್ಸಿಲ್ವೇನಿಯ ಸಂಸ್ಥಾನದ ಕಾರ್ಲೈಲ್ ಎಂಬ ಊರಿನ ಶಾಲೆಗೆ ಕಳುಹಿಸಿದರು. ಅದೇ ವರುಷ ತಂದೆಯೂ ಸತ್ತನೆಂಬ ಸುದ್ದಿ ಬಂತು. ದೂರದ ಬೋರ್ಡಿಂಗಿನಲ್ಲಿ ಓದಿದವರಿಗೆ ಮನೆಯಿಂದ ಬರುವ ಅಂಥ ಸುದ್ದಿಯ ಭಾರವು ಎಷ್ಟೆಂಬದನ್ನು ನಾವು ಹೇಳಬೇಕಾಗಿಲ್ಲ.

ಕಾರ್ಲೈಲಿನ ಶಾಲೆಯನ್ನು ರಿಚರ್ಡ್ ಹೆನ್ರಿ ಪ್ರಾಟ್ ಎಂಬ ಸೇನಾಧಿಕಾರಿಯು ೧೮೭೯ರಲ್ಲಿ ದಂಡಿನವರು ಬಿಟ್ಟಿದ್ದ ಹಳೇ ಕಟ್ಟಡಗಳಲ್ಲಿ ಸ್ಥಾಪಿಸಿದ್ದನು. ಮೂಲನಿವಾಸಿಗಳ ಮಕ್ಕಳನ್ನು ತಂದೆತಾಯಿಗಳಿಂದ ಬಿಡಿಸಿ ಬಿಳಿಯರ ನಡೆನುಡಿಯಲ್ಲಿ ಬೆಳೆಸಿದರೆ ಮಾತ್ರವೇ ಅವರು ಉದ್ಧಾರವಾಗುವರೆಂದು ಅವನು ನಂಬಿದ್ದನು. ಮಕ್ಕಳು ಬಂದ ಕೂಡಲೆ ಅವರ ಉದ್ದ ಕೂದಲನ್ನು ಕತ್ತರಿಸುವರು, ಹೊಸ ಹೆಸರು, ಹೊಸ ಬಟ್ಟೆ ಕೊಡುವರು, ತಾಯ್ನುಡಿಯನ್ನು ಆಡಗೊಡಿಸರು. ಓದುಬರಹದ ಸಂಗಡ ಕೈಕಸಬನ್ನೂ ಕಲಿಸಿ, ವರುಷದಲ್ಲಿ ಕೆಲವು ಕಾಲ ಬಿಳಿಯರ ಹೊಲಮನೆಗಳಿಗೆ ಕೆಲಸಕ್ಕೆ ಕಳುಹಿಸುವರು. ಈ ಶಾಲೆಯಿಂದ ವಿದ್ಯೆ ಪಡೆದು ಮುಂದೆ ಬಂದವರು ಇದ್ದಾರೆ. ರೋಗದಿಂದ ಅಲ್ಲಿಯೇ ಸತ್ತು ಆ ಅಂಗಳದಲ್ಲಿ ಹೂಣಲ್ಪಟ್ಟ ಮಕ್ಕಳು ನೂರಕ್ಕಿಂತ ಹೆಚ್ಚು. ಉಪಕಾರ ಮಾಡುವೆವೆಂದು ಹೊರಟವರು ಉಪಕಾರ ಪಡೆಯುವವರ ಮನಸ್ಸನ್ನು ಕೇಳದೆ ಹೋದರೆ ಏನಾಗುವದೆಂಬದಕ್ಕೆ ಆ ಗೋರಿಗಳು ಸಾಕ್ಷಿ. ಶಾಲೆಯು ೧೯೧೮ರಲ್ಲಿ ಮುಚ್ಚಲ್ಪಟ್ಟಿತು.

೧೯೦೭ರಲ್ಲಿ ಒಂದು ದಿನ ಥೋರ್ಪನು ಕೆಲಸದ ಬಟ್ಟೆಯಲ್ಲಿಯೇ ಶಾಲೆಯ ಬೈಲನ್ನು ದಾಟಿ ಹೋಗುತ್ತಿರುವಾಗ, ಎತ್ತರ ಹಾರುವ ಹುಡುಗರು ದಾಟಲಾರದೆ ಬಿಟ್ಟ ಕೋಲನ್ನು ಅವನು ಒಂದೇ ಸಾರಿಗೆ ಹಾರಿ ದಾಟಿದನೆಂದು ಹೇಳುತ್ತಾರೆ. ಈ ಸುದ್ದಿಯು ಆಟದ ಗುರುವಾದ ಗ್ಲೆನ್ ವಾರ್ನರನ ಕಿವಿಗೆ ಬಿತ್ತು. ಅವನು ಥೋರ್ಪನನ್ನು ಕರೆದು ಓಟದಲ್ಲಿಯೂ ಹಾರುವದರಲ್ಲಿಯೂ ಅಭ್ಯಾಸ ಮಾಡಿಸಿದನು. ತರುವಾಯ ಥೋರ್ಪನು ಫುಟ್‌ಬಾಲ್ ಆಡಬೇಕೆಂದು ಕೇಳಿಕೊಂಡಾಗ, ಇಂಥ ಒಳ್ಳೇ ಓಟಗಾರನಿಗೆ ಪೆಟ್ಟಾದೀತೆಂದು ವಾರ್ನರನು ಮೊದಲು ಹಿಂಜರಿದನು; ಕಡೆಗೆ ಒಪ್ಪಿಕೊಂಡನು.

ಅಮೇರಿಕದವರು ಫುಟ್‌ಬಾಲ್ ಎಂದು ಕರೆಯುವದು ನಮ್ಮ ಶಾಲೆಗಳ ಬೈಲಿನಲ್ಲಿ ಹುಡುಗರು ಆಡುವ ಕಾಲ್ಚೆಂಡಿನ ಆಟವಲ್ಲ. ಅವರ ಚೆಂಡು ಗುಂಡಾಗಿರದೆ ಎರಡು ತುದಿಯಲ್ಲಿಯೂ ಚೂಪಾಗಿರುವದು. ಪಕ್ಷಕ್ಕೆ ಹನ್ನೊಂದು ಮಂದಿ. ಒಬ್ಬನು ಚೆಂಡನ್ನು ಕಂಕುಳಲ್ಲಿ ಅವಚಿಕೊಂಡು ಎದುರು ಪಕ್ಷದವರ ಗಡಿಯ ಕಡೆಗೆ ಓಡುವನು. ಎದುರಿನವರು ಅವನ ಮೇಲೆ ಬಿದ್ದು ನೆಲಕ್ಕೆ ಕೆಡವುವರು. ಗಡಿಯನ್ನು ದಾಟಿದರೆ ಹೆಚ್ಚು ಅಂಕಗಳು. ಎರಡು ಕಂಬಗಳ ನಡುವೆ ಚೆಂಡನ್ನು ಒದ್ದು ಹಾಯಿಸಿದರೆ ಅದಕ್ಕಿಂತ ಕಡಿಮೆ. ಹಿಡಿದವರ ಕೈಯಿಂದ ಬಿಡಿಸಿಕೊಂಡು ಗೆರೆಯನ್ನು ಮುಟ್ಟಿದ ಕಬಡ್ಡಿಯ ಆಟಗಾರನಿಗೆ ಈ ಆಟದ ಸ್ವಾರಸ್ಯವು ಸ್ವಲ್ಪ ತಿಳಿದೀತು. ಥೋರ್ಪನು ಓಡುವದರಲ್ಲಿಯೂ ಒದೆಯುವದರಲ್ಲಿಯೂ ಕೆಡವುವದರಲ್ಲಿಯೂ ಸಮಾನವಾಗಿ ಗಟ್ಟಿಗನಾಗಿದ್ದನು. ೧೯೧೧ರ ನವಂಬರದಲ್ಲಿ ಕಾರ್ಲೈಲಿನವರು ಹಾರ್ವರ್ಡ್ ಎಂಬ ಪ್ರಸಿದ್ಧ ವಿದ್ಯಾಪೀಠದವರನ್ನು ೧೮ಕ್ಕೆ ೧೫ ಅಂಕಗಳಿಂದ ಸೋಲಿಸಿದರು. ಆ ದಿನ ಥೋರ್ಪನು ಕಾಲು ನೋಯುತ್ತಿದ್ದರೂ ನಾಲ್ಕು ಸಾರಿ ಚೆಂಡನ್ನು ಕಂಬಗಳ ನಡುವೆ ಹಾಯಿಸಿದನು. ಮರುವರುಷ ಅವರು ದಂಡಿನ ಅಧಿಕಾರಿಗಳ ಶಾಲೆಯವರನ್ನು ೨೭ಕ್ಕೆ ೬ರಿಂದ ಗೆದ್ದರು. ಸೋತ ಆ ಪಕ್ಷದಲ್ಲಿ ಮುಂದೆ ಅಮೇರಿಕದ ಅಧ್ಯಕ್ಷನಾದ ಐಸೆನ್‌ಹೋವರನು ಇದ್ದನು.

ಈಗ ನಾವು ಸ್ವಲ್ಪ ಹಿಂದಕ್ಕೆ ಹೋಗಿ ಒಂದು ಸಂಗತಿಯನ್ನು ತಿಳಿಸಬೇಕು. ಅವನ ಮುಂದಿನ ದುಃಖವೆಲ್ಲಾ ಇದರಿಂದ ಹುಟ್ಟಿತು. ೧೯೦೯ರಲ್ಲಿಯೂ ೧೯೧೦ರಲ್ಲಿಯೂ ಬೇಸಿಗೆಯ ಕಾಲದಲ್ಲಿ ಥೋರ್ಪನು ಉತ್ತರ ಕೆರೊಲಿನದ ರಾಕಿ ಮೌಂಟ್, ಫೆಯೆಟ್‌ವಿಲ್ ಎಂಬ ಊರುಗಳಲ್ಲಿ ಬೇಸ್‌ಬಾಲ್ ಎಂಬ ದಾಂಡಿನ ಚೆಂಡಾಟವನ್ನು ಆಡಿ, ಹೊಟ್ಟೆಪಾಡಿಗೆ ಸಾಲುವಷ್ಟು ಸಣ್ಣ ಕೂಲಿಯನ್ನು ತಕ್ಕೊಂಡಿದ್ದನು. ಬೇಸಿಗೆಯಲ್ಲಿ ಹೀಗೆ ಕಾಸು ಸಂಪಾದಿಸುವದು ಆಗಿನ ಕಾಲೇಜಿನ ಹುಡುಗರಲ್ಲಿ ವಾಡಿಕೆಯಾಗಿತ್ತು. ಬುದ್ಧಿವಂತರು ಸುಳ್ಳು ಹೆಸರಿನಿಂದ ಆಡುತ್ತಿದ್ದರು. ಥೋರ್ಪನು ತನ್ನ ಸ್ವಂತ ಹೆಸರಿನಿಂದಲೇ ಆಡಿದನು.

ಅದರಲ್ಲಿ ತಪ್ಪೇನೆಂದು ವಾಚಕರು ಕೇಳಬಹುದು. ಒಲಿಂಪಿಕ್ ಎಂಬ ಸರ್ವದೇಶದ ಪಂದ್ಯಗಳಲ್ಲಿ, ಆಟದಿಂದ ಹಣ ಮುಟ್ಟಿದವನು ಸೇರಕೂಡದೆಂಬ ನಿಯಮವು ಆಗ ಇತ್ತು. ಕೇಳುವದಕ್ಕೆ ಇದು ನಿರ್ಮಲವಾದ ನಿಯಮವೇ. ಆದರೆ ಅದರ ಬೇರು ಎಲ್ಲಿತ್ತೆಂದು ನೋಡಬೇಕು. ಇಂಗ್ಲೆಂಡಿನ ಹೆನ್ಲಿ ಎಂಬಲ್ಲಿಯ ದೋಣಿಪಂದ್ಯದವರು, ಕೈಕಸಬಿನವನಾಗಲಿ ಕೂಲಿಯವನಾಗಲಿ ತಮ್ಮ ಸಂಗಡ ಸ್ಪರ್ಧಿಸಕೂಡದೆಂದು ೧೮೭೯ರಲ್ಲಿ ಬಹಿರಂಗವಾಗಿಯೇ ಬರೆದಿಟ್ಟಿದ್ದರು. ಮನೆಯಲ್ಲಿ ಅನ್ನವುಳ್ಳವನಿಗೆ ಹಣ ಮುಟ್ಟದೆ ಆಡುವದು ಸುಲಭ. ಅನ್ನವಿಲ್ಲದವನಿಗೆ ಅದೇ ನಿಯಮವು ಮುಚ್ಚಿದ ಬಾಗಿಲು.

೧೯೧೨ರ ಒಲಿಂಪಿಕ್ ಪಂದ್ಯಗಳು ಸ್ವೀಡನ್ ದೇಶದ ಸ್ಟಾಕ್‌ಹೋಮ್ ಪಟ್ಟಣದಲ್ಲಿ ನಡೆದವು. ಥೋರ್ಪನು ಅಮೇರಿಕದವರ ಪಕ್ಷವಾಗಿ ಹೋದನು. ಓಡುವದು, ಹಾರುವದು, ಎಸೆಯುವದು ಮುಂತಾದ ಐದು ವಿಧದ ಸ್ಪರ್ಧೆ ಒಂದು, ಹತ್ತು ವಿಧದ ಸ್ಪರ್ಧೆ ಇನ್ನೊಂದು. ಐದರ ಸ್ಪರ್ಧೆಯಲ್ಲಿ ಅವನು ನಾಲ್ಕರಲ್ಲಿ ಮೊದಲಿಗನಾದನು. ಹತ್ತರ ಸ್ಪರ್ಧೆಯಲ್ಲಿ ಎಂಟು ಸಾವಿರಕ್ಕೆ ಮೇಲ್ಪಟ್ಟ ಅಂಕಗಳನ್ನು ಪಡೆದು, ಎರಡನೆಯವನಾದ ಸ್ವೀಡನಿನ ಹ್ಯೂಗೊ ವೀಸ್ಲಾಂಡರನನ್ನು ಬಹಳ ಹಿಂದೆ ಹಾಕಿದನು. ಎರಡರಲ್ಲಿಯೂ ಬಂಗಾರದ ಪದಕ ಅವನದಾಯಿತು. ಸ್ವೀಡನಿನ ಅರಸನಾದ ಐದನೇ ಗುಸ್ತಾವನು ಅವನನ್ನು ಬಹಳವಾಗಿ ಶ್ಲಾಘಿಸಿದನು. ರಷ್ಯದ ಚಕ್ರವರ್ತಿಯ ಹೆಸರಿನ ಬೆಳ್ಳಿಯ ಪಾತ್ರೆಯೂ ಅವನಿಗೆ ಬಂತು. ಸ್ವದೇಶಕ್ಕೆ ತಿರಿಗಿ ಬಂದಾಗ ನ್ಯೂಯಾರ್ಕ್ ಪಟ್ಟಣದಲ್ಲಿ ಅವನನ್ನು ಮೆರವಣಿಗೆ ಮಾಡಿದರು. ತಂದೆತಾಯಿಗಳಿಲ್ಲದ ಹುಡುಗನು ಲೋಕದಲ್ಲೆಲ್ಲಾ ಹೆಸರುವಾಸಿಯಾದನು.

ಆ ಸಂತೋಷವು ಆರು ತಿಂಗಳು ಬಾಳಿತು. ೧೯೧೩ರ ಜನವರಿಯಲ್ಲಿ ಒಂದು ವರ್ತಮಾನ ಪತ್ರಿಕೆಯು ಅವನು ಕೆರೊಲಿನದಲ್ಲಿ ಕೂಲಿಗೆ ಆಡಿದ್ದನ್ನು ಪ್ರಕಟಿಸಿತು. ಥೋರ್ಪನು ಸುಳ್ಳಾಡಲಿಲ್ಲ. ಅಮೇರಿಕದ ಆಟದ ಸಂಘದ ಮುಖ್ಯಸ್ಥರಿಗೆ ಕಾಗದವನ್ನು ಕಳುಹಿಸಿ, ಆಡಿದ್ದು ನಿಜವೆಂದೂ, ಶಾಲೆಯ ಹುಡುಗನಾದ ತನಗೆ ಅದು ದೋಷವೆಂದು ತಿಳಿಯಲಿಲ್ಲವೆಂದೂ ಒಪ್ಪಿಕೊಂಡು ಕ್ಷಮೆ ಬೇಡಿದನು. ಅವನ ಗುರುವೂ ದೊಡ್ಡವರೂ ತಮಗೆ ಏನೂ ಗೊತ್ತಿರಲಿಲ್ಲವೆಂದರು; ಆದರೆ ವಾರ್ನರನಿಗೆ ಇದು ಮೊದಲೇ ತಿಳಿದಿತ್ತೆಂದು ಅನೇಕ ಚರಿತ್ರಕಾರರು ಎಣಿಸುತ್ತಾರೆ. ಹುಡುಗನೊಬ್ಬನೇ ಅಪರಾಧಿಯಾಗಿ ನಿಂತನು. ಅವನ ಎರಡು ಪದಕಗಳನ್ನೂ ಬಹುಮಾನಗಳನ್ನೂ ಹಿಂದಕ್ಕೆ ತಕ್ಕೊಂಡು, ಅವನ ಹೆಸರನ್ನು ಪಟ್ಟಿಯಿಂದ ಹೊಡೆದುಹಾಕಿದರು.

ಇಲ್ಲಿ ಒಂದು ಮಾತನ್ನು ಗಮನಿಸಬೇಕು. ಆ ಪಂದ್ಯಗಳ ನಿಯಮಗಳಲ್ಲಿಯೇ, ಗೆದ್ದವನ ಯೋಗ್ಯತೆಯ ಕುರಿತು ಆಕ್ಷೇಪಣೆಯಿದ್ದರೆ ಪಂದ್ಯಗಳು ಮುಗಿದ ಮೂವತ್ತು ದಿನಗಳೊಳಗೆ ತಿಳಿಸಬೇಕೆಂದು ಬರೆದಿತ್ತು. ಆಕ್ಷೇಪಣೆ ಬಂದದ್ದು ಆರು ತಿಂಗಳ ಮೇಲೆ. ಅವನು ಮೀರಿದ ನಿಯಮವನ್ನು ಅಕ್ಷರ ತಪ್ಪದೆ ಹಿಡಿದವರು, ಅವನನ್ನು ಕಾಪಾಡತಕ್ಕ ನಿಯಮವನ್ನು ತೆರೆದೂ ನೋಡಲಿಲ್ಲ. ನಾವು ಮೊದಲು ಹೇಳಿದ ಎರಡು ಬಳ್ಳಗಳು ಇವೇ. ನ್ಯಾಯ ಕೇಳುವದಕ್ಕೆ ಥೋರ್ಪನಿಗೆ ವಕೀಲನಿರಲಿಲ್ಲ, ಹಣವಿರಲಿಲ್ಲ, ಕೈಹಿಡಿಯುವ ಬಂಧುಗಳಿರಲಿಲ್ಲ. ಬಡವನ ಕೋಪ ದವಡೆಗೆ ಮೂಲವೆಂದು ತಿಳಿದವನಂತೆ ಅವನು ಸುಮ್ಮನಾದನು. ಆದರೂ ಅವನಿಗೆ ಸೋತವರು ಅವನ ಕೈಬಿಡಲಿಲ್ಲ. ಆ ಪದಕವು ವೀಸ್ಲಾಂಡರನ ಪಾಲಿಗೆ ಬಂದಾಗ ಅವನು ಅದನ್ನು ತನ್ನದೆಂದು ಒಪ್ಪಲೇ ಇಲ್ಲವೆಂದು ಅವನ ಮನೆಯವರು ಬಹು ಕಾಲದ ಮೇಲೆ ತಿಳಿಸಿದರು.

ಆಟದ ಕೂಲಿಯಿಂದ ಮಾನ ಕಳಕೊಂಡವನು ಇನ್ನು ಮುಚ್ಚುಮರೆಯಿಲ್ಲದೆ ಆಟದ ಕೂಲಿಯಿಂದಲೇ ಬದುಕತೊಡಗಿದನು. ೧೯೧೩ರಲ್ಲಿ ನ್ಯೂಯಾರ್ಕಿನ ಬೇಸ್‌ಬಾಲ್ ಪಕ್ಷವನ್ನು ಸೇರಿ, ೧೯೧೯ರ ವರೆಗೆ ಆ ಆಟದ ದೊಡ್ಡ ಪಕ್ಷಗಳಲ್ಲಿ ಆಡಿದನು. ಆದರೆ ಅವನ ಹೆಸರು ನಿಂತದ್ದು ಫುಟ್‌ಬಾಲಿನಲ್ಲಿ. ಹಣಕ್ಕಾಗಿ ಫುಟ್‌ಬಾಲ್ ಆಡುವದು ಆಗಿನ್ನೂ ಹೊಸದು. ೧೮೯೨ರಲ್ಲಿ ಪಿಟ್ಸ್‌ಬರ್ಗ್ ಪಟ್ಟಣದ ಒಂದು ಸಂಘವು ಹೆಫೆಲ್‌ಫಿಂಗರನೆಂಬವನಿಗೆ ಒಂದು ಆಟಕ್ಕೆ ೫೦೦ ಡಾಲರು ಕೊಟ್ಟದ್ದೇ ಇದರ ಮೊದಲು. ಮರ್ಯಾದಸ್ಥರು ಕಾಲೇಜಿನ ಆಟವನ್ನು ನೋಡುವರು, ಕೂಲಿಯ ಆಟವನ್ನು ಹಳಿಯುವರು. ಓಹೈಯೊ ಸಂಸ್ಥಾನದ ಗಣಿ, ಕಾರ್ಖಾನೆಗಳ ಊರುಗಳಲ್ಲಿ ಕೆಲಸಗಾರರು ಆದಿತ್ಯವಾರ ಮಧ್ಯಾಹ್ನ ಸೇರಿ ನೋಡುತ್ತಿದ್ದದ್ದು ಈ ಆಟ.

೧೯೧೫ರಲ್ಲಿ ಅಂಥ ಊರುಗಳಲ್ಲಿ ಒಂದಾದ ಕ್ಯಾಂಟನಿನ ಪಕ್ಷದವರು ಥೋರ್ಪನಿಗೆ ಒಂದು ಆಟಕ್ಕೆ ೨೫೦ ಡಾಲರು ಕೊಡುವದಾಗಿ ಒಪ್ಪಿದರು. ಅದರ ಹಿಂದಿನ ವರುಷ ಫೋರ್ಡ್ ಮೋಟಾರು ಕಾರ್ಖಾನೆಯವರು ಕೆಲಸಗಾರನಿಗೆ ದಿನಕ್ಕೆ ೫ ಡಾಲರು ಕೊಡುವೆವೆಂದಾಗ ದೇಶವೆಲ್ಲಾ ಬೆರಗಾಗಿತ್ತು. ಅಂಥ ಐವತ್ತು ದಿನದ ಕೂಲಿ ಇವನಿಗೆ ಒಂದೇ ಆಟಕ್ಕೆ. ಇದರಿಂದ ಪಕ್ಷವು ದಿವಾಳಿಯಾಗುವದೆಂದು ಜನರು ನಕ್ಕರು. ಆದರೆ ನೆರೆಯೂರಾದ ಮ್ಯಾಸಿಲನಿನವರ ಮೇಲೆ ಅವನು ಆಡಲು ಇಳಿದಾಗ, ಸಾವಿರ ಸಾವಿರದೈನೂರು ಮಂದಿ ಕೂಡುತ್ತಿದ್ದಲ್ಲಿ ಅದರ ಎಷ್ಟೋ ಪಾಲು ಹೆಚ್ಚಾಗಿ ಜನರು ಕಿಕ್ಕಿರಿದರು. ಅವನಿದ್ದಾಗ ಕ್ಯಾಂಟನಿನವರು ೧೯೧೬, ೧೯೧೭, ೧೯೧೯ನೇ ಇಸವಿಗಳಲ್ಲಿ ಶ್ರೇಷ್ಠ ಪಕ್ಷವೆನಿಸಿಕೊಂಡರು. ೧೯೨೦ರ ಸೆಪ್ಟೆಂಬರ ೧೭ರಲ್ಲಿ ಹಲವು ಊರುಗಳ ಪಕ್ಷದವರು ಕ್ಯಾಂಟನಿನ ಒಂದು ಮೋಟಾರು ಅಂಗಡಿಯಲ್ಲಿ ಕೂಡಿ ಒಂದು ಸಂಘವನ್ನು ಕಟ್ಟಿ, ಥೋರ್ಪನ ಹೆಸರಿನಿಂದ ಸಂಘಕ್ಕೆ ಮಾನ ಬರಲೆಂದು ಅವನನ್ನೇ ಮೊದಲನೇ ಅಧ್ಯಕ್ಷನನ್ನಾಗಿ ಆರಿಸಿದರು. ಆ ಸಂಘವೇ ೧೯೨೨ರಲ್ಲಿ ನ್ಯಾಷನಲ್ ಫುಟ್‌ಬಾಲ್ ಲೀಗ್ ಎಂಬ ಹೆಸರು ತಕ್ಕೊಂಡು ಇಂದು ಕೋಟ್ಯಾನುಕೋಟಿ ಡಾಲರುಗಳ ಸಂಸ್ಥೆಯಾಗಿದೆ.

೧೯೨೨ರಲ್ಲಿಯೂ ೧೯೨೩ರಲ್ಲಿಯೂ ಅವನು ಓಹೈಯೊದ ಲಾರೂ ಎಂಬ ಸಣ್ಣ ಊರಿನಲ್ಲಿ ಮೂಲನಿವಾಸಿಗಳೇ ಕೂಡಿದ್ದ ಒಂದು ಪಕ್ಷವನ್ನು ನಡಿಸಿದನು. ಅದರ ಒಡೆಯನು ನಾಯಿಗಳನ್ನು ಸಾಕಿ ಮಾರುವ ವ್ಯಾಪಾರಿ. ತನ್ನ ನಾಯಿಗಳ ಹೆಸರು ಹಬ್ಬಿಸುವದಕ್ಕಾಗಿಯೇ ಅವನು ಈ ಪಕ್ಷವನ್ನು ಕೊಂಡಿದ್ದನು. ಆಟದ ನಡುವಿನ ಬಿಡುವಿನಲ್ಲಿ ಆಟಗಾರರು ವಿಶ್ರಮಿಸಿಕೊಳ್ಳುವ ಬದಲು ಗರಿಗಳನ್ನು ಕಟ್ಟಿಕೊಂಡು ಕುಣಿದು ತೋರಿಸಬೇಕಾಗಿತ್ತು. ಪಕ್ಷವು ಗೆದ್ದದ್ದು ಅಪರೂಪ. ಅಲ್ಲಿಂದ ಮುಂದೆ ಅವನು ಪಕ್ಷದಿಂದ ಪಕ್ಷಕ್ಕೆ ಅಲೆದು, ೧೯೨೮ರಲ್ಲಿ ನಾಲ್ವತ್ತು ವರುಷ ದಾಟಿದ ಮೇಲೆ ಚಿಕಾಗೊದಲ್ಲಿ ಕಡೇ ಆಟವನ್ನು ಆಡಿದನು.

ಅವನ ದೋಷಗಳನ್ನೂ ನಾವು ಮರೆಮಾಡುವದಿಲ್ಲ. ಅವನು ಕುಡಿತಕ್ಕೆ ಬಿದ್ದನು. ಕೈಗೆ ಬಂದ ಹಣವನ್ನು ಕೇಳಿದವರಿಗೆ ಕೊಟ್ಟು ಬರಿಗೈಯಾಗುತ್ತಿದ್ದನು. ಮೂರು ಸಾರಿ ಮದುವೆಯಾಗಿ, ಮೊದಲಿನ ಎರಡು ಸಂಸಾರಗಳು ಮುರಿದುಹೋದವು; ಮಕ್ಕಳು ತಂದೆಯನ್ನು ಕಂಡದ್ದು ಕಡಿಮೆ. ಅವನ ಮೊದಲನೇ ಮಗನು ೧೯೧೮ರಲ್ಲಿ ಎಳೆಗೂಸಾಗಿಯೇ ಸತ್ತದ್ದು ಅವನ ಮನಸ್ಸನ್ನು ಬಹಳವಾಗಿ ಮುರಿಯಿತು. ಅನ್ಯಾಯಕ್ಕೆ ಒಳಗಾದವನೆಂಬ ಮಾತ್ರದಿಂದ ಮನುಷ್ಯನು ನಿರ್ದೋಷಿಯಾಗುವದಿಲ್ಲ. ದೋಷಿಯೆಂಬ ಮಾತ್ರದಿಂದ ಅವನಿಗಾದ ಅನ್ಯಾಯವು ನ್ಯಾಯವೂ ಆಗುವದಿಲ್ಲ.

ಆಟವು ಮುಗಿದ ಮೇಲೆ ಬಡತನವು ಕಾದಿತ್ತು. ಅಮೇರಿಕದಲ್ಲೆಲ್ಲಾ ಕೆಲಸವಿಲ್ಲದೆ ಜನರು ಕಷ್ಟಪಡುತ್ತಿದ್ದ ಆ ವರುಷಗಳಲ್ಲಿ ಅವನು ಲಾಸ್ ಏಂಜಲ್ಸ್ ಪಟ್ಟಣದಲ್ಲಿ ಗುದ್ದಲಿ ಹಿಡಿದು ಮಣ್ಣಿನ ಕೆಲಸ ಮಾಡಿದನು; ಚಲಚ್ಚಿತ್ರಗಳಲ್ಲಿ ಇಂಡಿಯನ್ನರ ಮುಖಂಡನಾಗಿ ಗುಂಪಿನ ನಡುವೆ ನಿಲ್ಲುವ ಸಣ್ಣ ವೇಷಗಳನ್ನು ಹಾಕಿದನು. ೧೯೩೨ರಲ್ಲಿ ಅದೇ ಪಟ್ಟಣದಲ್ಲಿ ಒಲಿಂಪಿಕ್ ಪಂದ್ಯಗಳು ನಡೆದಾಗ ಒಳಗೆ ಹೋಗುವ ಚೀಟಿಗೆ ಅವನಲ್ಲಿ ಹಣವಿರಲಿಲ್ಲ. ತಾನೂ ಮೂಲನಿವಾಸಿಗಳ ವಂಶದವನಾಗಿದ್ದ ದೇಶದ ಉಪಾಧ್ಯಕ್ಷ ಚಾರ್ಲ್ಸ್ ಕರ್ಟಿಸನು ಇದನ್ನು ಕೇಳಿ ಅವನನ್ನು ಕರೆಸಿ ತನ್ನ ಸಂಗಡ ಕೂರಿಸಿಕೊಂಡನು. ನೆರೆದ ಜನರು ಎದ್ದು ನಿಂತು ಥೋರ್ಪನನ್ನು ಮಾನಿಸಿದರು. ೧೯೫೦ರಲ್ಲಿ ವರ್ತಮಾನ ಪತ್ರಿಕೆಗಳವರು ಆ ಶತಮಾನದ ಮೊದಲರ್ಧದ ಅತಿ ಶ್ರೇಷ್ಠ ಆಟಗಾರನೆಂದು ಅವನನ್ನೇ ಆರಿಸಿದರು. ಮರುವರುಷ ಅವನ ಚರಿತ್ರೆಯು ಚಲಚ್ಚಿತ್ರವಾಯಿತು. ಅದೇ ವರುಷ ತುಟಿಗೆ ಅರ್ಬುದ ರೋಗ ಬಂದು, ಹಣ ಕೊಡಲಾರದ ಬಡವನೆಂದು ಧರ್ಮಾರ್ಥವಾಗಿ ಅವನಿಗೆ ಶಸ್ತ್ರಕ್ರಿಯೆ ಮಾಡಿದರು. ೧೯೫೩ರ ಮಾರ್ಚಿ ೨೮ರಲ್ಲಿ ಕಾಲಿಫೋರ್ನಿಯದ ಲೊಮಿಟ ಎಂಬಲ್ಲಿ, ಗಾಲಿಗಳ ಮೇಲಿನ ಸಣ್ಣ ಮನೆಯಲ್ಲಿ, ಎದೆಯ ರೋಗದಿಂದ ಅವನು ತೀರಿಹೋದನು.

ಸತ್ತ ಮೇಲೆಯೂ ಅವನಿಗೆ ತನ್ನವರ ಮಣ್ಣು ದೊರೆಯಲಿಲ್ಲ. ಒಕ್ಲಹೋಮದಲ್ಲಿ ಅವನ ಕುಲದವರು ಕ್ರಿಯೆಗಳನ್ನು ನಡಿಸುತ್ತಿರುವಾಗ ಮೂರನೇ ಹೆಂಡತಿಯು ಶವವನ್ನು ತಕ್ಕೊಂಡು ಹೋದಳು. ಪೆನ್ಸಿಲ್ವೇನಿಯದ ಮಾಕ್ ಚಂಕ್ ಎಂಬ ಊರಿನವರು, ಅವನ ಹೆಸರಿನಿಂದ ತಮ್ಮ ಊರು ಬೆಳೆದೀತೆಂದು ಆಕೆಯ ಸಂಗಡ ಒಪ್ಪಂದ ಮಾಡಿಕೊಂಡು ಅಲ್ಲಿ ಅವನನ್ನು ಹೂಣಿಟ್ಟು, ೧೯೫೪ರಲ್ಲಿ ಊರಿಗೇ ಜಿಮ್ ಥೋರ್ಪ್ ಎಂದು ಹೆಸರಿಟ್ಟರು. ಅವನ ಗಂಡುಮಕ್ಕಳು ತಂದೆಯನ್ನು ಕುಲದ ಭೂಮಿಗೆ ತರಬೇಕೆಂದು ಮುಂದೆ ನ್ಯಾಯಾಸ್ಥಾನದಲ್ಲಿ ವ್ಯಾಜ್ಯ ಹೂಡಿದರು. ೨೦೧೫ರಲ್ಲಿ ಅದು ಅವರಿಗೆ ವಿರೋಧವಾಗಿಯೇ ಮುಗಿಯಿತು.

ಪದಕಗಳ ಸಂಗತಿ ಏನಾಯಿತು? ೧೯೫೨ರಿಂದ ೧೯೭೨ರ ವರೆಗೆ ಒಲಿಂಪಿಕ್ ಸಂಘದ ಅಧ್ಯಕ್ಷನಾಗಿದ್ದ ಏವರಿ ಬ್ರಂಡೇಜನು, ೧೯೧೨ರಲ್ಲಿ ಥೋರ್ಪನ ಸಂಗಡ ಸ್ಪರ್ಧಿಸಿ ಸೋತವರಲ್ಲಿ ಒಬ್ಬನು. ಪದಕಗಳನ್ನು ತಿರಿಗಿ ಕೊಡುವದಕ್ಕೆ ಅವನು ಒಪ್ಪಲಿಲ್ಲ. ಕಡೆಗೆ ರಾಬರ್ಟ್ ವ್ಹೀಲರನೂ ಅವನ ಹೆಂಡತಿ ಫ್ಲಾರೆನ್ಸ್ ರಿಡ್ಲನಳೂ ೧೯೧೨ರ ನಿಯಮಗಳ ಪುಸ್ತಕವನ್ನು ಹುಡುಕಿ ತೆಗೆದು, ಮೂವತ್ತು ದಿನಗಳ ಆ ನಿಯಮವನ್ನು ಎಲ್ಲರ ಕಣ್ಣೆದುರಿಗೆ ಇಟ್ಟರು. ೧೯೮೨ರಲ್ಲಿ ಸಂಘವು ಒಪ್ಪಿ, ಮರುವರುಷದ ಜನವರಿಯಲ್ಲಿ ಹೊಸದಾಗಿ ಮಾಡಿಸಿದ ಪದಕಗಳನ್ನು ಅವನ ಮಕ್ಕಳ ಕೈಗೆ ಕೊಟ್ಟಿತು. ಆದರೂ ಪಟ್ಟಿಯಲ್ಲಿ ಅವನನ್ನು ಜೊತೆಗಾರನಾಗಿ ಮಾತ್ರ ಬರೆದರು. ಅವನೊಬ್ಬನೇ ಗೆದ್ದವನೆಂದು ತಿದ್ದಿ ಬರೆದದ್ದು ೨೦೨೨ರ ಜುಲೈಯಲ್ಲಿ. ಆಟದಿಂದ ಹಣ ಮುಟ್ಟಬಾರದೆಂಬ ನಿಯಮವು ಅಷ್ಟರೊಳಗೆ ಬಿದ್ದುಹೋಗಿ, ಲಕ್ಷಗಟ್ಟಲೆ ಸಂಪಾದಿಸುವವರು ಒಲಿಂಪಿಕ್ಕಿನಲ್ಲಿ ಆಡುತ್ತಾ ಬಹಳ ವರುಷಗಳಾಗಿದ್ದವು.

ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರೆಂಬ ಗಾದೆಯನ್ನು ಇಲ್ಲಿ ಹೇಳಬಹುದೋ? ಪೂರ್ಣವಾಗಿ ಹಾಗೆ ಹೇಳಲಾರೆವು. ಸುಳ್ಳು ಪಟ್ಟಿಯನ್ನು ನೂರು ವರುಷದ ಮೇಲಾದರೂ ತಿದ್ದುವದು ಒಳ್ಳೇದೇ. ಆ ಕುಲದ ಮಕ್ಕಳು ಈಗ ತಲೆಯೆತ್ತಿ ಅವನ ಹೆಸರನ್ನು ಹೇಳುವರು. ಆದರೆ ಚೀಟಿಗೆ ಹಣವಿಲ್ಲದೆ ಹೊರಗೆ ನಿಂತವನಿಗೂ, ಗುದ್ದಲಿ ಹಿಡಿದವನಿಗೂ ಆ ತಿದ್ದುವಿಕೆಯಿಂದ ಏನೂ ಬರಲಿಲ್ಲ. ಆ ಮೂವತ್ತು ದಿನಗಳ ನಿಯಮವು ೧೯೧೩ರಲ್ಲಿಯೂ ಅದೇ ಪುಸ್ತಕದಲ್ಲಿತ್ತು. ಒಬ್ಬನು ತೆರೆದು ಓದಿದ್ದರೆ ಸಾಕಾಗಿತ್ತು.

ವಾಚಕರೇ, ನಮ್ಮ ಊರಿನ ಪಂಚಾಯತಿಯಲ್ಲಾಗಲಿ, ನೆರೆಹೊರೆಯವರ ಮಾತಿನಲ್ಲಾಗಲಿ, ದಿಕ್ಕಿಲ್ಲದವನೊಬ್ಬನ ಮೇಲೆ ದೂರು ಬಂದಾಗ ನಾವು ನಿಯಮದ ಒಂದೇ ಪುಟವನ್ನು ಓದಿ ತೀರ್ಪು ಕೊಡುವೆವೋ, ಅವನ ಪಕ್ಷವಾಗಿರುವ ಪುಟವನ್ನೂ ತೆರೆಯುವೆವೋ? ಬಳ್ಳವನ್ನು ಕೈಯಲ್ಲಿ ಹಿಡಿಯುವ ಮೊದಲು, ಅವನು ಬದುಕಿರುವಾಗಲೇ, ಇದನ್ನು ಯೋಚಿಸೋಣ.